ಅಥೆನ್ಸಿನ ಟ್ರೈರೀಮ್: 170 ಹುಟ್ಟು, 200 ಜನ, ಒಂದು ಹಡಗು. ನಡೆಸುತ್ತಿದ್ದುದು ಹೇಗೆ?

ಹಾಯಿಪಟ
ಸಿನಿಮಾದಲ್ಲಿ ಗ್ರೀಕರ ಯುದ್ಧನೌಕೆ ಅಂದ್ರೆ ಕಾಲಿಗೆ ಸರಪಳಿ, ಬೆನ್ನಿಗೆ ಚಾಟಿ, ನಗಾರಿ ಬಾರಿಸುವ ಒಬ್ಬ ದಢೂತಿ ಆಸಾಮಿ. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ಮೂರು ಸಾಲು ಹುಟ್ಟಿನ ಯುದ್ಧನೌಕೆ ಟ್ರೈರೀಮ್‌ನಲ್ಲಿ ಹೀಗೇ ಇತ್ತಾ? ಮೂರು ಸಾಲು ಹುಟ್ಟು ಒಂದಕ್ಕೊಂದು ಬಡಿಯದೆ ಹೇಗೆ ಆಡುತ್ತಿದ್ದವು? ಅಷ್ಟು ಜನರ ಊಟ, ನೀರು, ನಿದ್ದೆ ಎಲ್ಲಿ? ಗೊತ್ತಿದ್ದವರು ವಿವರವಾಗಿ ಬರೀರಿ, ಒಂದು ಸಾಲಿನ ಉತ್ತರ ಬೇಡ.

ನಾಣ್ಯಪೆಟ್ಟಿಗೆ
ಸರಪಳಿ ಇಲ್ಲ, ಚಾಟಿ ಇಲ್ಲ. ಅದು ಸುಮಾರು ಎರಡು ಸಾವಿರ ವರ್ಷ ಈಚಿನ ಮೆಡಿಟರೇನಿಯನ್ ಹಡಗುಗಳ ಚಿತ್ರ. ಗ್ರೀಕರ ತಲೆಗೆ ಕಟ್ಟಿದ್ದಾರೆ.

ಅಥೆನ್ಸಿನಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಕೂಲಿ ಪಡೆಯುವ ಸ್ವತಂತ್ರರು: ಆಸ್ತಿ ಲೆಕ್ಕದಲ್ಲಿ ಕೊನೆಯ ವರ್ಗಕ್ಕೆ ಸೇರಿದ ಪೌರರು, ಊರಲ್ಲಿ ನೆಲೆ ನಿಂತ ಪರಊರಿನವರು, ದ್ವೀಪಗಳಿಂದ ಸಂಬಳಕ್ಕೆ ಬಂದವರು. ಗುಲಾಮರು ಇರಲೇ ಇಲ್ಲ ಅಂತಲ್ಲ. ಯಜಮಾನ, ಅವನ ಗುಲಾಮ ಇಬ್ಬರ ಹೆಸರೂ ಒಂದೇ ಹಡಗಿನ ಪಟ್ಟಿಯಲ್ಲಿರುವ ಕಲ್ಲಿನ ಶಾಸನ ಅಥೆನ್ಸಿನಲ್ಲೇ ಸಿಕ್ಕಿದೆ. ಸ್ಪಾರ್ಟಾ ಜೊತೆಗಿನ ದೀರ್ಘ ಯುದ್ಧದಲ್ಲಿ, ಕ್ರಿ.ಪೂ. 406ರ ಅರ್ಗಿನೂಸೈ ಕದನಕ್ಕೆ 30 ದಿನದೊಳಗೆ 110 ಹಡಗು ಹೊರಡಿಸಬೇಕಾದಾಗ ಕೈಗೆ ಸಿಕ್ಕವರನ್ನೆಲ್ಲ ಹತ್ತಿಸಿದರು. ಹಾಗೆ ಹತ್ತಿದ ಗುಲಾಮರಿಗೆ ಬಿಡುಗಡೆ ಸಿಕ್ಕಿತು.

ದುಡ್ಡಿನ ಲೆಕ್ಕ ನೋಡಿ. ಅಥೆನ್ಸಿನವರು ಸಿಸಿಲಿ ದ್ವೀಪದ ಮೇಲೆ ದಂಡಯಾತ್ರೆ ಹೊರಟಾಗ (ಕ್ರಿ.ಪೂ. 415) ಒಬ್ಬನಿಗೆ ದಿನಕ್ಕೆ 1 ದ್ರಾಕ್ಮಾ (ಅಲ್ಲಿನ ಬೆಳ್ಳಿ ನಾಣ್ಯ). ಹಡಗಿನಲ್ಲಿ 200 ಜನ, ತಿಂಗಳಿಗೆ 30 ದಿನ, ಅಲ್ಲಿಗೆ 6000 ದ್ರಾಕ್ಮಾ, ಅಂದರೆ ಸರಿಯಾಗಿ 1 ಟ್ಯಾಲೆಂಟ್. 60 ಹಡಗು ತಿಂಗಳು ಪೂರ್ತಿ ಕಡಲಲ್ಲಿದ್ದರೆ 60 ಟ್ಯಾಲೆಂಟ್ ಖಾಲಿ. ಸಿಸಿಲಿಯಲ್ಲಿ ಎಲ್ಲ ಕಳಕೊಂಡ ಮೇಲೆ ಕೂಲಿ ಅರ್ಧಕ್ಕಿಳಿಯಿತು, ದಿನಕ್ಕೆ 3 ಓಬೋಲ್ (6 ಓಬೋಲ್ = 1 ದ್ರಾಕ್ಮಾ). ಮೇಲಿನ ಸಾಲಿನವರಿಗೆ ಹಡಗಿನ ಹೊಣೆ ಹೊತ್ತ ಶ್ರೀಮಂತ ತನ್ನ ಕೈಯಿಂದ ಒಂದಿಷ್ಟು ಸೇರಿಸಿ ಕೊಡುವುದೂ ಇತ್ತು. ಮುಂಗಡ ಕೊಟ್ಟರೆ ಒಂದು ಅಪಾಯ: ಒಳ್ಳೆ ಬಂದರು ಸಿಕ್ಕ ಕಡೆ ಇಳಿದು ಮಾಯವಾಗುವವರು. ಕೊಡದಿದ್ದರೆ ಹತ್ತುವವರೇ ಇಲ್ಲ. ಇಂಥವರನ್ನು ಚಾಟಿಯಿಂದ ಹಿಡಿದಿಡೋಕೆ ಆಗುತ್ತಾ?

ಬಡಗಿಮನೆ
ಹುಟ್ಟುಗಳ ವಿಷಯ ನಾನು ಹೇಳ್ತೀನಿ. ಮೊದಲು ತಲೆ ಲೆಕ್ಕ, ಎರಡೂ ಪಕ್ಕ ಸೇರಿಸಿ: ಮೇಲಿನ ಸಾಲು (ಥ್ರಾನೀಟ) 62, ನಡುವಿನ ಸಾಲು (ಝ್ಯುಗೀಟ) 54, ಕೆಳಗಿನ ಸಾಲು (ಥಲಮೀಟ) 54. ಒಟ್ಟು 170. ಉಳಿದ 30 ಜನರಲ್ಲಿ 10 ಹಾಪ್ಲೈಟ್ ಯೋಧರು (ಗುರಾಣಿ, ಈಟಿ ಹಿಡಿದವರು), 4 ಬಿಲ್ಲುಗಾರರು, ಮಿಕ್ಕವರು ಚುಕ್ಕಾಣಿಗ, ಲಯ ಹೇಳುವವ, ಮುಂದೆ ನಿಂತು ನೀರು ನೋಡುವವ, ಬಡಗಿ, ಔಲೋಸ್ ಎಂಬ ಜೋಡಿ ಪೀಪಿ ಊದುವವ, ಹಾಯಿ ಹಗ್ಗ ನೋಡಿಕೊಳ್ಳುವವರು. ನಗಾರಿಯವ ಪಟ್ಟಿಯಲ್ಲೇ ಇಲ್ಲ.

ಒಬ್ಬನಿಗೆ ಒಂದೇ ಹುಟ್ಟು. ಸಾಲುಗಳು ಒಂದರ ನೆತ್ತಿಗೆ ಇನ್ನೊಂದು ಅಟ್ಟದ ಹಾಗೆ ಇರಲಿಲ್ಲ. ಮೂವರೂ ಸ್ವಲ್ಪ ಹಿಂದೆ ಮುಂದೆ, ಸ್ವಲ್ಪ ಒಳಗೆ ಹೊರಗೆ ಕೂರುತ್ತಿದ್ದರು. ಮೇಲಿನವನ ಹುಟ್ಟಿಗೆ ಆನಿಕೆ ಹಡಗಿನ ಗೋಡೆಯಿಂದ ಹೊರಚಾಚಿದ ಒಂದು ಚೌಕಟ್ಟಿನ ಮೇಲೆ. ಆದ್ದರಿಂದಲೇ ಮೂರೂ ಸಾಲಿನ ಹುಟ್ಟುಗಳ ಉದ್ದ ಹೆಚ್ಚುಕಡಿಮೆ ಒಂದೇ. ಹಡಗುಕಟ್ಟೆಯ ಶಾಸನಗಳಲ್ಲಿ ಬಿಡಿ ಹುಟ್ಟುಗಳಿಗೆ 9 ಮತ್ತು 9½ ಮೊಳ ಅಂತ ಅಳತೆ ಬರೆದಿದ್ದಾರೆ, ನಮ್ಮ ಲೆಕ್ಕದಲ್ಲಿ 4 ಮೀಟರ್ ಮತ್ತು ಸ್ವಲ್ಪ ಮೇಲೆ.

ತೊಂದರೆ ಬರುವುದು ಕಣ್ಣಿಗೆ. ತನ್ನ ಹುಟ್ಟು ನೀರಿಗೆ ಬೀಳುವುದು ಕಾಣುತ್ತಿದ್ದುದು ಮೇಲಿನವನಿಗೆ ಮಾತ್ರ. ಕೆಳಗಿನ ಇಬ್ಬರೂ ಕುರುಡಾಗಿ ಎಳೆಯಬೇಕು, ಮೇಲಿನವ ಹೇಳಿದಂತೆ ತಿದ್ದಿಕೊಳ್ಳಬೇಕು. ಒಬ್ಬ ಅರೆಕ್ಷಣ ತಡಮಾಡಿದರೆ ಅವನ ಹುಟ್ಟಿನ ಹಿಡಿ ಹಿಂದೆ ಕೂತವನ ಎದೆಗೋ ಮಂಡಿಗೋ ಬಡಿಯುತ್ತದೆ, ಆ ಪಕ್ಕದ ಲಯವೇ ಕೆಡುತ್ತದೆ.

ಕೆಳಗಿನ ಸಾಲಿನ ತೂತುಗಳು ನೀರಿನಿಂದ ಬರೀ ಮೊಳದಷ್ಟು ಮೇಲೆ. ಅಲೆ ಒಳಗೆ ನುಗ್ಗದಂತೆ ಪ್ರತಿ ತೂತಿಗೂ ಚರ್ಮದ ಚೀಲ ಬಿಗಿದು ಹುಟ್ಟಿಗೆ ಕಟ್ಟುತ್ತಿದ್ದರು. ತೂತು ಎಷ್ಟು ದೊಡ್ಡದು ಗೊತ್ತಾ? ಕ್ರಿ.ಪೂ. 499ರ ಸುಮಾರಿಗೆ ನಕ್ಸೋಸ್ ದ್ವೀಪದ ಮೇಲೆ ಹೊರಟ ಪರ್ಷಿಯನ್ ಸೇನಾಪತಿ ಮೆಗಾಬಾಟೀಸ್, ಕಾವಲು ಇಡದ ಸ್ಕೈಲಾಕ್ಸ್ ಎಂಬ ನಾಯಕನನ್ನು ಅವನದೇ ಹಡಗಿನ ಹುಟ್ಟಿನ ತೂತಿನಲ್ಲಿ ತಲೆ ಹೊರಗೆ, ಮೈ ಒಳಗೆ ಮಾಡಿ ಕಟ್ಟಿಹಾಕಿಸಿದ ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ತಲೆ ಹಿಡಿಸುವಷ್ಟು ಅನ್ನಿ.

ಕೋಟೆಬಾಗಿಲು
ಬಡಗಿಮನೆ ಸರ್, ಹಲಗೆ ಜೋಡಿಸುತ್ತಿದ್ದುದು ಹೇಗೆ? ಭಾರತದ ಪಶ್ಚಿಮ ಕರಾವಳಿಯ ಹಳೇ ದೋಣಿಗಳಂತೆ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರಾ?

ಬಡಗಿಮನೆ
ಇಲ್ಲ. ಗ್ರೀಕರಲ್ಲೂ ಹೊಲಿದ ಹಡಗುಗಳು ಹಿಂದೆ ಇದ್ದವು, ಆದರೆ ಟ್ರೈರೀಮ್ ಹೊತ್ತಿಗೆ ವಿಧಾನ ಬೇರೆ. ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿ ನಿಲ್ಲಿಸುವುದು. ಎರಡೂ ಅಂಚಿನಲ್ಲಿ ಎದುರುಬದುರು ಗೂಡು ಕೊರೆದು, ಅದರೊಳಗೆ ಗಟ್ಟಿ ಮರದ ಚಪ್ಪಟೆ ಬಿಲ್ಲೆ ಕೂರಿಸಿ, ಮೇಲಿಂದ ಕೆಳಗಿಂದ ಮರದ ಗೂಟ ಜಡಿಯುವುದು. ಇಂಥವು ಒಂದು ಹಡಗಿಗೆ ಸಾವಿರಾರು. ಹೊರಮೈ ಮೊದಲು ನಿಲ್ಲುತ್ತದೆ, ಒಳಗಿನ ಪಕ್ಕೆಲುಬು ಆಮೇಲೆ. ಹಲಗೆಗೆ ಹಗುರವಾದ ಫರ್ ಮರ, ಅಡಿದೂಲಕ್ಕೆ ಓಕ್. ದಡಕ್ಕೆ ಎಳೆದಾಡುವಾಗ ಸವೆಯುವುದು ಅಡಿಯೇ ಅಲ್ಲವೇ. ಮೇಲೆ ರಾಳ. ಅಥೆನ್ಸಿನ ಸುತ್ತ ಇಂಥ ಮರ ಸಾಲದು, ಮ್ಯಾಸಿಡೋನಿಯಾದಿಂದ ತರಿಸಬೇಕು. ಹಾಗಾಗಿ ಮ್ಯಾಸಿಡೋನಿಯಾದ ರಾಜನ ಜೊತೆ ಸ್ನೇಹ ಕೆಟ್ಟರೆ ಹಡಗುಕಟ್ಟೆಗೆ ಬಿಸಿ ಮುಟ್ಟುತ್ತಿತ್ತು.

ಸುಮಾರು 37 ಮೀಟರ್ ಉದ್ದ, 5½ ಮೀಟರ್ ಅಗಲ. ಇಷ್ಟು ಉದ್ದ, ಇಷ್ಟು ತೆಳು ಮೈ ಅಲೆಯ ಮೇಲೆ ನಡುವೆ ಬಗ್ಗುತ್ತದೆ, ಜೋಡಣೆ ಸಡಿಲುತ್ತದೆ. ಅದಕ್ಕೆ ದಪ್ಪ ಹಗ್ಗಗಳನ್ನು ಮುಂತುದಿಯಿಂದ ಹಿಂತುದಿವರೆಗೆ ಬಿಗಿಯುತ್ತಿದ್ದರು, ಹೈಪೋಝೋಮಾ ಅಂತ ಹೆಸರು. ಒಂದು ಶಾಸನದ ನಿಯಮ: ಹಡಗನ್ನು ದಡಕ್ಕೆ ಎಳೆಯಲು 140 ಜನಕ್ಕಿಂತ ಕಡಿಮೆ ಇರಕೂಡದು, ನೀರಿಗಿಳಿಸಲು 120, ಈ ಹಗ್ಗ ಬಿಗಿಯಲು 50.

ಕಡಲತಡಿ
ದಡಕ್ಕೆ ಎಳೆಯುವ ಮಾತು ಬಂತಲ್ಲ, ಟ್ರೈರೀಮ್‌ನ ಅರ್ಧ ಕಥೆ ಅಲ್ಲೇ ಇದೆ. ನೀರಲ್ಲೇ ಬಿಟ್ಟರೆ ಮರ ನೀರು ಕುಡಿದು ಭಾರವಾಗುತ್ತದೆ, ಮರ ಕೊರೆಯುವ ಕಡಲ ಹುಳ ಹಿಡಿಯುತ್ತದೆ, ತಳಕ್ಕೆ ಪಾಚಿ ಕಟ್ಟುತ್ತದೆ, ವೇಗ ಹೋಗುತ್ತದೆ. ಬಹಳ ದಿನ ಒಣಗಲು ಬಿಟ್ಟರೆ ಹಲಗೆ ಕುಗ್ಗಿ ಸಂದು ಬಿಡುತ್ತದೆ, ನೀರಿಗಿಳಿಸಿದ ತಕ್ಷಣ ಸೋರುತ್ತದೆ. ಎರಡರ ನಡುವೆ ಹದ ಹಿಡಿಯಬೇಕು.

ಎರಡೂ ತಪ್ಪಿಗೆ ಉದಾಹರಣೆ ಇದೆ. ಕ್ರಿ.ಪೂ. 429ರ ಕೊನೆಗೆ ಸ್ಪಾರ್ಟಾ ಕಡೆಯವರು ಅಥೆನ್ಸಿನ ಪಿರೇಯಸ್ ಬಂದರಿನ ಮೇಲೆ ಹಠಾತ್ ದಾಳಿಗೆ ಹೊರಟರು. ಕೊರಿಂಥ್‌ನಿಂದ ಪ್ರತಿಯೊಬ್ಬನೂ ತನ್ನ ಹುಟ್ಟು, ತನ್ನ ಮೆತ್ತೆ, ತನ್ನ ಚರ್ಮದ ಬಳೆ ಹೊತ್ತು ನಡೆದು, ಮೆಗಾರಾದ ನಿಸೈಯಾ ಬಂದರಿನಲ್ಲಿದ್ದ 40 ಹಡಗು ನೀರಿಗೆ ತಳ್ಳಿದ. ಆ ಹಡಗುಗಳು ಬಹಳ ಕಾಲದಿಂದ ದಡದಲ್ಲೇ ಬಿದ್ದಿದ್ದವು. ಧೈರ್ಯವೂ ಸಾಲದೆ ಎದುರಿನ ಸಲಾಮಿಸ್ ದ್ವೀಪ ಕೊಳ್ಳೆ ಹೊಡೆದು ವಾಪಸಾದರು. ಹಡಗು ಸೋರುತ್ತಿದ್ದುದೂ ಅವಸರಕ್ಕೆ ಒಂದು ಕಾರಣ ಅಂತ ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಬರೆಯುತ್ತಾನೆ. ಇನ್ನೊಂದು ತುದಿ ಸಿಸಿಲಿ: ಅಲ್ಲಿನ ಸಿರಾಕ್ಯೂಸ್ ಪಟ್ಟಣದ ಎದುರು ಬೀಡುಬಿಟ್ಟ ಅಥೆನ್ಸಿನ ಸೇನಾಪತಿ ನಿಕಿಯಾಸ್ ಊರಿಗೆ ಕಳಿಸಿದ ಓಲೆಯಲ್ಲಿ, ಶತ್ರು ಸದಾ ಕಣ್ಣಿಟ್ಟಿರುವುದರಿಂದ ಹಡಗು ಮೇಲೆಳೆದು ಒಣಗಿಸಲು ಆಗುತ್ತಿಲ್ಲ, ಮರ ನೆನೆದುಹೋಗಿದೆ ಅಂತ ಗೋಳು ತೋಡಿಕೊಂಡಿದ್ದಾನೆ.

ಅದಕ್ಕೇ ಪಿರೇಯಸ್‌ನಲ್ಲಿ ಚಾವಣಿ ಹಾಕಿದ ಇಳಿಜಾರು ಹಡಗುಮನೆಗಳು. ಕ್ರಿ.ಪೂ. 4ನೇ ಶತಮಾನದಲ್ಲಿ ಅಲ್ಲಿನ ಮೂರು ಬಂದರುಗಳಲ್ಲಿ ಲೆಕ್ಕ ಹೀಗೆ: ಝೇಯಾದಲ್ಲಿ 196, ಕಾಂಥರೋಸ್‌ನಲ್ಲಿ 94, ಮುನಿಖಿಯಾದಲ್ಲಿ 82, ಒಟ್ಟು 372. ಟ್ರೈರೀಮ್‌ನ ಅಳತೆ ನಮಗೆ ಸಿಕ್ಕಿರುವುದು ಮುಖ್ಯವಾಗಿ 1885ರಲ್ಲಿ ಝೇಯಾದಲ್ಲಿ ಅಗೆದ ಈ ಮನೆಗಳಿಂದಲೇ.

ಜೋಳದರೊಟ್ಟಿ
ಮೆತ್ತಿ, ಚರ್ಮದ ಬಳಿ ಅಂದ್ರಲ್ರೀ, ಅವು ಯಾಕ್ ಬೇಕ್ರಿ? ಮತ್ತ ಊಟದ್ದು ಇನ್ನೂ ಯಾರೂ ಹೇಳವಲ್ರಿ.

ಬಡಗಿಮನೆ
ಬಳೆ ಅಂದರೆ ಹುಟ್ಟನ್ನು ಮರದ ಗೂಟಕ್ಕೆ ಹಿಡಿದಿಡುವ ಚರ್ಮದ ಪಟ್ಟಿ. ನೆನೆದರೆ ಹಿಗ್ಗುತ್ತದೆ, ಹುಟ್ಟು ಗೂಟದಿಂದ ಸರಿದು ಎಳೆತ ವ್ಯರ್ಥವಾಗುತ್ತದೆ, ಮತ್ತೆ ಮತ್ತೆ ಬಿಗಿಯಬೇಕು. ಮೆತ್ತೆ ಬರೀ ಹಲಗೆಯ ಮೇಲೆ ಗಂಟೆಗಟ್ಟಲೆ ಹಿಂದೆ ಮುಂದೆ ತೂಗುವವನಿಗೆ. ಇಲ್ಲದಿದ್ದರೆ ಚರ್ಮ ಸುಲಿದುಹೋಗುತ್ತೆ ರೀ.

ಉಪ್ಪುನೆಲ್ಲಿ
ಊಟದ ವಿಷಯ ನನಗಿರಲಿ. ಟ್ರೈರೀಮ್‌ಗಳು ಕೊಂಬಿಗೆ (ಗುದ್ದಲೆಂದು ಹಡಗಿನ ಮೂತಿಗೆ ಕಟ್ಟಿದ ಕಂಚಿನ ಕೊಂಬು) ಸಿಕ್ಕಿ ಹಾಳಾದಷ್ಟೇ ಊಟದ ಹೊತ್ತಿಗೆ ಸಿಕ್ಕಿಯೂ ಹಾಳಾಗಿವೆ ಅನ್ನೋದು ನನ್ನ ಅಭಿಪ್ರಾಯ.

ಹಡಗಿನಲ್ಲಿ ಅಡುಗೆಗೆ ಜಾಗವಿಲ್ಲ, ಉಗ್ರಾಣವಿಲ್ಲ, ಮಲಗಲು ಜಾಗವಿಲ್ಲ. ಒಬ್ಬನಿಗೆ ದಿನಕ್ಕೆ ಒಂದು ಖೋಯ್ನಿಕ್ಸ್ ಧಾನ್ಯ ಅನ್ನೋದು ಗ್ರೀಕರ ಸಾಮಾನ್ಯ ಲೆಕ್ಕ, ಹೆಚ್ಚುಕಡಿಮೆ 1 ಲೀಟರ್ ಅಳತೆ. 200 ಜನಕ್ಕೆ ದಿನಕ್ಕೆ 200 ಲೀಟರ್. ಹುರಿದು ಬೀಸಿದ ಬಾರ್ಲಿ ಹಿಟ್ಟನ್ನು ನೀರು ಅಥವಾ ಎಣ್ಣೆಯಲ್ಲಿ ಕಲಸಿ ಮುದ್ದೆ ಮಾಡಿದರೆ ಮಾಝಾ. ಒಲೆ ಬೇಕಾಗಿಲ್ಲ, ಅದೇ ಅದರ ಅನುಕೂಲ. ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಚೀಸ್, ಉಪ್ಪುಮೀನು, ನೀರು ಬೆರೆಸಿದ ದ್ರಾಕ್ಷಾರಸ. ನೀರು ಇನ್ನೂ ಕಷ್ಟ. ಆಧುನಿಕ ಮರುನಿರ್ಮಾಣದ ಹಡಗಿನಲ್ಲಿ ಬಿಸಿಲಿಗೆ ಹುಟ್ಟು ಹಾಕುವವನಿಗೆ ಗಂಟೆಗೆ ಸುಮಾರು 1 ಲೀಟರ್ ನೀರು ಬೇಕಾಯಿತು. 170 ಜನ, 8 ಗಂಟೆ: 1360 ಲೀಟರ್, ಅಂದರೆ ಒಂದೂಕಾಲು ಟನ್ನಿಗೂ ಮೇಲೆ. ಅಷ್ಟು ಹೊತ್ತರೆ ಹಡಗು ಕುಗ್ಗುತ್ತದೆ, ಹೊರದಿದ್ದರೆ ಜನ ಕುಗ್ಗುತ್ತಾರೆ. ಆದ್ದರಿಂದ ಮಧ್ಯಾಹ್ನ ದಡ, ರಾತ್ರಿ ದಡ. ನಾಣ್ಯಪೆಟ್ಟಿಗೆಯವರು ಹೇಳಿದ ಕೂಲಿಯಲ್ಲೇ ದಡದ ಸಂತೆಯಲ್ಲಿ ಕೊಂಡು ತಿನ್ನಬೇಕು.

ಸಂತೆ ಸಿಗದಿದ್ದರೆ? ಕ್ರಿ.ಪೂ. 415ರಲ್ಲಿ ಇಟಲಿ ಕರಾವಳಿ ಹಿಡಿದು ಹೋಗುತ್ತಿದ್ದ ಅಥೆನ್ಸಿನ ಪಡೆಗೆ ತಾರಾಸ್ ಮತ್ತು ಲೋಕ್ರಿ ಊರಿನವರು ನೀರನ್ನೂ ಕೊಡಲಿಲ್ಲ. ರೀಗಿಯಾನ್‌ನಲ್ಲಿ ಕೋಟೆ ಹೊರಗೆ ಸಂತೆ ಹಾಕಿಕೊಟ್ಟರು, ಒಳಗೆ ಬಿಡಲಿಲ್ಲ.

413ರಲ್ಲಿ ಸಿರಾಕ್ಯೂಸ್ ಬಂದರಿನೊಳಗೆ ನಡೆದದ್ದು ಇನ್ನೂ ಚುರುಕು. ಅರಿಸ್ಟೋನ್ ಎಂಬ ಕೊರಿಂಥ್‌ನ ಚುಕ್ಕಾಣಿಗ ಆ ಊರಿನವರಿಗೆ ಒಂದು ಉಪಾಯ ಕೊಟ್ಟ: ಊರಿನ ತಿಂಡಿ ವ್ಯಾಪಾರಿಗಳನ್ನೆಲ್ಲ ಸಂತೆ ಸಮೇತ ನೀರಿನ ಅಂಚಿಗೆ ತನ್ನಿ. ಸಿರಾಕ್ಯೂಸ್‌ನವರು ಹಿಮ್ಮೆಟ್ಟಿದಂತೆ ಮಾಡಿ ದಡದಲ್ಲೇ ಉಂಡು ತಕ್ಷಣ ಮತ್ತೆ ಹಡಗು ಹತ್ತಿದರು. ಇವತ್ತಿಗೆ ಮುಗಿಯಿತು ಅಂದುಕೊಂಡು ಇಳಿದಿದ್ದ ಅಥೆನ್ಸಿನವರು ಹೆಚ್ಚಿನವರು ಖಾಲಿ ಹೊಟ್ಟೆಯಲ್ಲಿ ಗಡಿಬಿಡಿಯಿಂದ ಹತ್ತಬೇಕಾಯಿತು, ಸೋತರು. 411ರಲ್ಲಿ ಎರೇಟ್ರಿಯಾದವರು ಬೇಕಂತಲೇ ಪೇಟೆಯಲ್ಲಿ ಏನನ್ನೂ ಮಾರಾಟಕ್ಕಿಡಲಿಲ್ಲ. ಅಥೆನ್ಸಿನ ನಾವಿಕರು ಊರ ಕೊನೆಯ ಮನೆಗಳವರೆಗೆ ಹೋಗಿ ಹುಡುಕುವಾಗ ಶತ್ರುಗಳಿಗೆ ಸಂಕೇತ ಹೋಯಿತು. ಅಥೆನ್ಸಿನ 22 ಹಡಗು ಶತ್ರುಗಳ ಪಾಲಾದವು.

405ರ ಈಗೋಸ್‌ಪೊಟಾಮಿ ಎಲ್ಲಕ್ಕೂ ದೊಡ್ಡದು. ಅಥೆನ್ಸಿನ 180 ಹಡಗು ಬರೀ ಬಯಲು ದಡದಲ್ಲಿ ನಿಂತಿದ್ದವು, ಸಂತೆ ಇದ್ದ ಸೆಸ್ಟೋಸ್ ಊರು ದೂರದಲ್ಲಿತ್ತು. ಇಲ್ಲಿ ನಿಲ್ಲಬೇಡಿ, ಸೆಸ್ಟೋಸ್‌ಗೆ ಹೋಗಿ ಅಂತ ಅಥೆನ್ಸಿನ ಹಳೆಯ ಸೇನಾಪತಿ ಅಲ್ಕಿಬಿಯಾಡೀಸ್ ಬಂದು ಹೇಳಿದರೆ, ಈಗ ಸೇನಾಪತಿ ನಾವು, ನೀನಲ್ಲ ಅಂತ ಅಟ್ಟಿದರು. ಸ್ಪಾರ್ಟಾದ ಲೈಸಾಂಡರ್ ನಾಲ್ಕು ದಿನ ಸುಮ್ಮನೆ ನೋಡಿದ, ಐದನೇ ದಿನ ಅವರು ತಿನ್ನುವುದನ್ನು ತರಲು ಚದುರಿದ ಹೊತ್ತಿಗೆ ನುಗ್ಗಿದ. ಕೆಲವು ಹಡಗಿನಲ್ಲಿ ಎರಡೇ ಸಾಲು ಜನ, ಕೆಲವದರಲ್ಲಿ ಒಂದೇ ಸಾಲು, ಕೆಲವು ಪೂರ್ತಿ ಖಾಲಿ. ತಪ್ಪಿಸಿಕೊಂಡದ್ದು ಸೇನಾಪತಿ ಕೊನೋನ್ ಜೊತೆ 9 ಹಡಗು. ಯುದ್ಧದ ಫಲಿತಾಂಶ ಆ ಮಧ್ಯಾಹ್ನವೇ ಬರೆದಾಯಿತು.

ಕೋಟೆಬಾಗಿಲು
ಆದರೆ ಮಿಟಿಲೀನಿ ಪ್ರಸಂಗದಲ್ಲಿ ದಡ ಮುಟ್ಟದೆ ಹೋದರಲ್ಲ? ಅಂದಮೇಲೆ ಹಡಗಿಗೆ ಆ ಶಕ್ತಿ ಇತ್ತು.

ಉಪ್ಪುನೆಲ್ಲಿ
ಇತ್ತು, ಒಂದೆರಡು ದಿನದ ಮಟ್ಟಿಗೆ. ಅದನ್ನು ಮಾಮೂಲಿ ಅಂತ ಲೆಕ್ಕ ಹಿಡಿಯಬೇಡಿ. 427ರಲ್ಲಿ ದಂಗೆ ಎದ್ದಿದ್ದ ಮಿಟಿಲೀನಿ ಊರಿನ ಗಂಡಸರನ್ನೆಲ್ಲ ಕೊಲ್ಲಿ ಅಂತ ಅಥೆನ್ಸಿನ ಸಭೆ ನಿರ್ಧರಿಸಿ ಒಂದು ಹಡಗು ಕಳಿಸಿತು. ಮರುದಿನ ಮನಸ್ಸು ಬದಲಾಗಿ ಎರಡನೆಯದನ್ನು ಹಿಂದೆಯೇ ಓಡಿಸಿತು. ಮೊದಲನೆಯದು ಒಂದು ಹಗಲು ಒಂದು ರಾತ್ರಿಯಷ್ಟು ಮುಂದಿತ್ತು. ದೂರ ಸುಮಾರು 340 ಕಿಲೋಮೀಟರ್. ಎರಡನೆಯ ಹಡಗಿನವರು ದ್ರಾಕ್ಷಾರಸ, ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ಹುಟ್ಟು ಎಳೆಯುತ್ತಲೇ ತಿಂದರು, ಸರದಿಯಲ್ಲಿ ಮಲಗಿದರು. ಸರದಿ ಅಂದಮೇಲೆ ಯಾವ ಹೊತ್ತಿನಲ್ಲೂ ಪೂರ್ತಿ ಬಲ ಇಲ್ಲ. ಹಿಟ್ಟು, ದ್ರಾಕ್ಷಾರಸ ಒದಗಿಸಿದವರು ಮಿಟಿಲೀನಿಯ ರಾಯಭಾರಿಗಳು, ಮೊದಲು ತಲುಪಿದರೆ ದೊಡ್ಡ ಬಹುಮಾನ ಅಂತಲೂ ಮಾತಾಗಿತ್ತು. ಎದುರುಗಾಳಿ ಬೀಸಲಿಲ್ಲ. ಮೊದಲ ಹಡಗಿಗೂ ಇಂಥ ಕೆಲಸಕ್ಕೆ ಅವಸರವಿರಲಿಲ್ಲ. ಇಷ್ಟೆಲ್ಲ ಕೂಡಿ ಬಂದರೂ, ತಲುಪುವಾಗ ಅಲ್ಲಿನ ಸೇನಾಪತಿ ಆಜ್ಞೆ ಓದಿ ಜಾರಿಗೆ ತರುವುದರಲ್ಲಿದ್ದ.

ಹಾಯಿಪಟ
ಕದನದಲ್ಲಿ ಗುದ್ದುವ ವಿಧಾನವನ್ನೂ ಯಾರಾದರೂ ಹಂತ ಹಂತವಾಗಿ ಹೇಳಿ.

ಕಡಲತಡಿ
ಮೊದಲು ದೊಡ್ಡ ಹಾಯಿ, ಕೂವೆಕಂಬ ದಡದಲ್ಲಿ ಬಿಡುವುದು. ತೂಕ ಇಳಿಯಬೇಕು. ಹಾಯಿ ಇಟ್ಟುಕೊಂಡವರು ಓಡಿಹೋಗುವ ಯೋಚನೆಯಲ್ಲಿದ್ದಾರೆ ಅಂತಲೂ ಅರ್ಥ. ಆಮೇಲೆ ಎದುರಾಳಿಯ ಪಕ್ಕೆಗೋ ಹಿಂಭಾಗಕ್ಕೋ ಬರುವಂತೆ ತಿರುಗಬೇಕು: ಅವರ ಸಾಲು ವಿರಳವಾಗಿದ್ದರೆ ಸಂದಿನಲ್ಲಿ ನುಸುಳಿ ಹಿಂದಿನಿಂದ ತಿರುಗುವುದು (ದಿಯೆಕ್‌ಪ್ಲೂಸ್), ಉದ್ದ ಕಡಿಮೆ ಇದ್ದರೆ ಬಳಸಿ ಬರುವುದು (ಪೆರಿಪ್ಲೂಸ್). ಗುದ್ದುವಾಗ ವೇಗ ಕಡಿಮೆಯಾದರೆ ಹಲಗೆ ಒಡೆಯದು. ಹೆಚ್ಚಾದರೆ ಕೊಂಬು ಒಳಗೆ ಸಿಕ್ಕಿ ಹಾಕಿಕೊಳ್ಳುತ್ತದೆ, ಎದುರಿನ ಯೋಧರು ನಿಮ್ಮ ಹಡಗಿಗೆ ಹಾರುತ್ತಾರೆ. ತಾಗಿದ ತಕ್ಷಣ 170 ಜನವೂ ಒಟ್ಟಿಗೆ ಹಿಂದಕ್ಕೆ ಹುಟ್ಟು ಹಾಕಬೇಕು. ಕಲಿಯಲು ಅತಿ ಕಷ್ಟ ಇದೇ ಇರಬೇಕು.

ಕ್ರಿ.ಪೂ. 429ರಲ್ಲಿ ಪಾತ್ರಾಸ್ ಕೊಲ್ಲಿಯಲ್ಲಿ ಅಥೆನ್ಸಿನ ಸೇನಾಪತಿ ಫೋರ್ಮಿಯೋನ್ ಮಾಡಿದ್ದು ನೋಡಿ. ಅವನದು 20 ಹಡಗು, ಎದುರಾಳಿಗಳದು 47. ಅವರು ಹೆದರಿ, ಮೂತಿ ಹೊರಗೆ ಮಾಡಿ ಚಕ್ರಾಕಾರ ನಿಂತರು, ಸಣ್ಣ ದೋಣಿ ಹಾಗೂ 5 ಒಳ್ಳೆ ಹಡಗು ನಡುವೆ. ಫೋರ್ಮಿಯೋನ್ ಒಂದರ ಹಿಂದೊಂದರಂತೆ ಸುತ್ತು ಹಾಕುತ್ತ, ಈಗ ಗುದ್ದುತ್ತಾರೆ ಅನ್ನುವಷ್ಟು ಹತ್ತಿರ ಉಜ್ಜಿಕೊಂಡು ಹೋದ, ಆದರೆ ಗುದ್ದಲಿಲ್ಲ. ಬೆಳಗಿನ ಜಾವ ಕೊಲ್ಲಿಯಿಂದ ಗಾಳಿ ಬರುತ್ತದೆ ಅಂತ ಅವನಿಗೆ ಗೊತ್ತಿತ್ತು. ಬಂತು. ಇಕ್ಕಟ್ಟಿನಲ್ಲಿದ್ದ ಹಡಗುಗಳು ಒಂದಕ್ಕೊಂದು ತಾಗಿದವು, ಜನ ಉದ್ದ ಕೋಲಿನಿಂದ ತಳ್ಳಾಡುತ್ತ ಬೈದಾಡಿಕೊಂಡರು, ಲಯ ಹೇಳುವವನ ಮಾತು ಯಾರಿಗೂ ಕೇಳಲಿಲ್ಲ. ಪಳಗದ ಕೈಗಳು, ಅಲೆಯಲ್ಲಿ ಹುಟ್ಟನ್ನು ನೀರಿನಿಂದ ಮೇಲೆತ್ತಲೂ ಆಗಲಿಲ್ಲ. ಆಗ ಸಂಕೇತ ಕೊಟ್ಟ. 12 ಹಡಗು ಸೆರೆ.

ಆದರೆ ಇದಕ್ಕೆಲ್ಲ ತಿರುಗಲು ಜಾಗ ಬೇಕು. ಸಿರಾಕ್ಯೂಸ್‌ನವರು ತಮ್ಮ ಹಡಗಿನ ಮೂತಿಯನ್ನು ಮೊಟಕು ಮಾಡಿ, ದಪ್ಪ ದೂಲ ಕೊಟ್ಟು, ಇಕ್ಕಟ್ಟಾದ ಬಂದರಿನಲ್ಲಿ ಮೂತಿಗೆ ಮೂತಿ ಗುದ್ದಿದರು. ಅಥೆನ್ಸಿನ ಹಗುರ ಮೂತಿಗಳು ಒಡೆದವು, ಚಾಕಚಕ್ಯತೆ ಪ್ರಯೋಜನಕ್ಕೆ ಬರಲಿಲ್ಲ.

ನಾಣ್ಯಪೆಟ್ಟಿಗೆ
ಇದರ ರಿಪೇರಿ ಖರ್ಚು ಯಾರ ತಲೆಗೆ ಅಂತಲೂ ಸೇರಿಸಿಬಿಡ್ತೀನಿ. ಹಡಗಿನ ಮೈ, ಸಾಮಾನು, ಕೂಲಿ ಸರ್ಕಾರದ್ದು. ಒಂದು ವರ್ಷ ಅದನ್ನು ಸುಸ್ಥಿತಿಯಲ್ಲಿ ನಡೆಸುವ ಹೊಣೆ ಒಬ್ಬ ಶ್ರೀಮಂತನದು, ಅವನೇ ಟ್ರಿಯೆರಾರ್ಖ್. ವರ್ಷಕ್ಕೆ 4000ದಿಂದ 6000 ದ್ರಾಕ್ಮಾ ಕೈ ಬಿಡುತ್ತಿತ್ತು. ನನಗಿಂತ ಅವನು ಶ್ರೀಮಂತ, ಅವನಿಗೆ ಹಾಕಿ ಅಂತ ಇನ್ನೊಬ್ಬನ ಮೇಲೆ ದೂರು ಕೊಡಬಹುದಿತ್ತು. ಅವನು ಒಪ್ಪದಿದ್ದರೆ ಇಬ್ಬರ ಆಸ್ತಿಯನ್ನೇ ಅದಲುಬದಲು ಮಾಡಿಕೊಳ್ಳೋಣ ಬಾ ಅಂತ ಕಾನೂನಿನಲ್ಲೇ ಸವಾಲು ಹಾಕಬಹುದಿತ್ತು. ಸುಳ್ಳು ಲೆಕ್ಕ ತೋರಿಸುವವರಿಗೆ ಇದಕ್ಕಿಂತ ಒಳ್ಳೆ ಮದ್ದು ನಾನು ಕಂಡಿಲ್ಲ.

ವರ್ಷದ ಕೊನೆಗೆ ಸಾಮಾನು ಎಣಿಸಿ ಒಪ್ಪಿಸಬೇಕು. ಮರದ ಸಾಮಾನು: 170 ಹುಟ್ಟು ಮತ್ತು 30 ಬಿಡಿ ಹುಟ್ಟು, 2 ಚುಕ್ಕಾಣಿ, 2 ಏಣಿ, 3 ಕೋಲು, ಕೂವೆಕಂಬ. ಉಳಿದದ್ದು: ಹಾಯಿ, ಹಗ್ಗಗಳು, ಪಕ್ಕದ ಪರದೆಗಳು, 2 ಲಂಗರು. ಯಾರ ಬಳಿ ಏನು ಬಾಕಿ, ಎಷ್ಟು ಹುಟ್ಟು ಕೆಲಸಕ್ಕೆ ಬಾರದವು ಅಂತ ಹೆಸರು ಸಮೇತ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುತ್ತಿದ್ದರು.

ಜೋಳದರೊಟ್ಟಿ
ಉಪ್ಪುನೆಲ್ಲಿಯವರು ಮರುನಿರ್ಮಾಣದ ಹಡಗು ಅಂದ್ರಲ್ರೀ, ಅದ್ಯಾವುದು? ನಿಜವಾಗ್ಲೂ ಓಡ್ತೇನ್ರಿ?

ಬಡಗಿಮನೆ
ಒಲಿಂಪಿಯಾಸ್. ಬ್ರಿಟನ್ನಿನ ಜಾನ್ ಮಾರಿಸನ್ ಎಂಬ ಗ್ರೀಕ್ ವಿದ್ವಾಂಸ, ಜಾನ್ ಕೋಟ್ಸ್ ಎಂಬ ಹಡಗು ವಿನ್ಯಾಸಕಾರ ಲೆಕ್ಕ ಹಾಕಿ ಕೊಟ್ಟರು. 1987ರಲ್ಲಿ ಗ್ರೀಸ್‌ನಲ್ಲಿ ನೀರಿಗಿಳಿಯಿತು, ಗ್ರೀಕ್ ನೌಕಾಪಡೆಯ ವಶದಲ್ಲಿದೆ. ಸ್ವಯಂಸೇವಕರು ಹುಟ್ಟು ಹಾಕಿ ಸ್ವಲ್ಪ ಹೊತ್ತು ಸುಮಾರು 9 ನಾಟ್ ವೇಗ ಮುಟ್ಟಿಸಿದರು, ಒಂದು ನಿಮಿಷದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಸಿದರು. ಮೂರು ಸಾಲು ಸಾಧ್ಯವೇ ಇಲ್ಲ ಅನ್ನುತ್ತಿದ್ದವರಿಗೆ ಅಲ್ಲಿಗೆ ಉತ್ತರ ಸಿಕ್ಕಿತು.

ತಪ್ಪುಗಳೂ ಕಂಡವು. ಒಬ್ಬನಿಗೂ ಇನ್ನೊಬ್ಬನಿಗೂ ನಡುವಿನ ಅಂತರ 0.888 ಮೀಟರ್ ಇಟ್ಟಿದ್ದರು, ಎರಡು ಮೊಳದ ಲೆಕ್ಕ. ಎತ್ತರದವರಿಗೆ ಪೂರ್ತಿ ಮೈ ಚಾಚಿ ಎಳೆಯಲು ಅದು ಸಾಲಲಿಲ್ಲ. ಗ್ರೀಕರ ಮೊಳ ಇನ್ನೂ ಉದ್ದದ್ದು, ಅಂತರ 0.98 ಮೀಟರ್ ಇರಬೇಕಿತ್ತು ಅನ್ನುವ ವಾದ ಈಗ ಬಲವಾಗಿದೆ. ಇನ್ನೊಂದು, ಲಯ ಹೇಳುವವನ ಕೂಗು ಹಡಗಿನ ಉದ್ದಕ್ಕೂ ಮುಟ್ಟಲಿಲ್ಲ, ಜನರ ಮೈಯೇ ಸದ್ದು ನುಂಗುತ್ತದೆ. ಎಲ್ಲರೂ ಒಂದೇ ರಾಗ ಗುನುಗಿದಾಗ ಲಯ ಕೂಡಿತು.

ಕೋಟೆಬಾಗಿಲು
ಕೊನೆಗೆ ಒಂದು. ಇಷ್ಟು ಹಡಗು ಹಾಳಾದವಲ್ಲ, ಸಮುದ್ರದ ತಳದಲ್ಲಿ ಒಂದಾದರೂ ಟ್ರೈರೀಮ್ ಸಿಗಲಿಲ್ಲವಾ?

ಕಡಲತಡಿ
ಇಲ್ಲ. ಸರಕು ಹಡಗಿನಲ್ಲಿ ಮಣ್ಣಿನ ಜಾಡಿಗಳ ರಾಶಿ ಇರುತ್ತದೆ, ಅದು ಮರವನ್ನು ತಳಕ್ಕೆ ಒತ್ತಿ ಮರಳಿನಲ್ಲಿ ಹೂತಿಡುತ್ತದೆ. ಟ್ರೈರೀಮ್‌ನಲ್ಲಿ ಅಂಥ ಭಾರವಿಲ್ಲ. ಗುದ್ದಿಸಿಕೊಂಡ ಹಡಗು ನೀರು ತುಂಬಿ ಅರ್ಧ ಮುಳುಗಿ ತೇಲುತ್ತಿತ್ತು. ಗೆದ್ದವರು ಹಗ್ಗ ಕಟ್ಟಿ ಎಳೆದೊಯ್ದು ರಿಪೇರಿ ಮಾಡಿ ತಮ್ಮ ಪಡೆಗೆ ಸೇರಿಸಿಕೊಳ್ಳುತ್ತಿದ್ದರು, ಇಲ್ಲವೇ ಅಲೆಗೆ ಸಿಕ್ಕಿ ಚೂರಾಗುತ್ತಿತ್ತು. ಬೇರೆ ಯುದ್ಧನೌಕೆಗಳ ಕಂಚಿನ ಕೊಂಬುಗಳು ಸಿಕ್ಕಿವೆ. 1980ರಲ್ಲಿ ಇಸ್ರೇಲಿನ ಅಥ್ಲಿಟ್ ಬಳಿ ಸಿಕ್ಕ ಕೊಂಬು 2.26 ಮೀಟರ್ ಉದ್ದ, 465 ಕಿಲೋ ತೂಕ. ಆದರೆ ಅದು ಅಥೆನ್ಸಿನ ಈ ಕಾಲಕ್ಕಿಂತ ಈಚಿನದು, ಟ್ರೈರೀಮ್‌ಗಿಂತ ದೊಡ್ಡ ಹಡಗಿನದು. ಒಳಗೆ ಮುಂತುದಿಯ ಮರದ ತುಂಡುಗಳು ಹಾಗೇ ಉಳಿದಿದ್ದವು. ಕೊಂಬಿನ ಹೊಡೆತದ ಭಾರ ಹಲಗೆ ಹಲಗೆಗೆ ಹೇಗೆ ಹಂಚಿಹೋಗುತ್ತಿತ್ತು ಅನ್ನೋದು ಅವುಗಳ ಜೋಡಣೆಯಿಂದ ತಿಳಿಯಿತು.